ಇವತ್ತು ಎಷ್ಟು ಸಲ ಮಗ್ಗಲು ಬದಲಿಸಿದಿ?

ಬೆನ್ನುಹುರಿಗೆ ಪೆಟ್ಟು ಬಿದ್ದವರು ಮನೆಯಲ್ಲಿ ಆರೋಗ್ಯ ಹೇಗೆ ನೋಡಿಕೊಳ್ಳಬೇಕು ಎಂಬ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ತಿಂಗಳು ಕೇಳಿದ್ದೆ. ಪೋಸ್ಟಿನಲ್ಲಿ ಕೆಲವು, ವಾಟ್ಸಾಪಿನಲ್ಲಿ ಬಹಳ ಬಂದಿವೆ. ಹೊಸ ಓದುಗರಿಗೆ ನನ್ನ ಪರಿಚಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. 2011ರ ಮೇ ತಿಂಗಳಲ್ಲಿ ಕೆಲಗೇರಿ ಕಡೆ ಮಾವಿನ ಮರದಿಂದ ಬಿದ್ದೆ. ಬೆನ್ನುಮೂಳೆ ಡಿ12ರಲ್ಲಿ, ಅಂದರೆ ಎದೆಯ ಹಿಂದಿನ ಹನ್ನೆರಡು ಮೂಳೆಗಳಲ್ಲಿ ಕೊನೆಯದರಲ್ಲಿ, ಮುರಿಯಿತು. ಸೊಂಟದ ಕೆಳಗೆ ಬಲ ಇಲ್ಲ, ಮುಟ್ಟಿದರೆ ಗೊತ್ತಾಗುವುದಿಲ್ಲ. ಗಾಲಿಕುರ್ಚಿಯಲ್ಲಿ ಕೂತೇ ಅಂಗಡಿ ನಡೆಸುತ್ತೇನೆ. ವಾರಕ್ಕೆ ಮೂರು ಸಂಜೆ, ಶಟರ್ ಎಳೆದ ಮೇಲೆ, ಹೊಸದಾಗಿ ಪೆಟ್ಟು ಬಿದ್ದವರ ಜೊತೆ ಫೋನಿನಲ್ಲಿ ಮಾತಾಡುತ್ತೇನೆ. ನಾನು ಡಾಕ್ಟರ್ ಅಲ್ಲ. ಔಷಧಿ ಹೆಸರು ಕೇಳಿದರೆ ಹೇಳುವುದಿಲ್ಲ. ಉಳಿದದ್ದು ಕೇಳಿ.

ಪ್ರಶ್ನೆ: ಅಣ್ಣಾ, ನಮ್ಮ ಮನೆಯವರು ಗದಗಿನ ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಿದ್ದರು. ಏಳು ತಿಂಗಳ ಹಿಂದೆ ಲಾರಿ ಮೇಲಿಂದ ಉಳ್ಳಾಗಡ್ಡಿ ಚೀಲದ ಸಮೇತ ಬಿದ್ದರು. ಈಗ ಎರಡೂ ಕಾಲಿಗೆ ಶಕ್ತಿ ಇಲ್ಲ. ಮೂತ್ರಕ್ಕೆ ಪೈಪು ಹಾಕಿಯೇ ಇದೆ. ಎರಡು ಸಲ ಜ್ವರ ಬಂದು ಅಡ್ಮಿಟ್ ಆದರು. ಇದೇ ತರ ಪೆಟ್ಟು ಬಿದ್ದವರೊಬ್ಬರು ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಹೇಳಿಕೊಡುತ್ತಾರೆ ಎಂದು ಆಸ್ಪತ್ರೆಯ ಸಿಸ್ಟರ್ ನಂಬರ್ ಕೊಟ್ಟಿದ್ದಾರೆ. ಇವರು "ಅವನೇನು ಡಾಕ್ಟರಾ? ಫೋನಿನಲ್ಲಿ ಏನು ಕಲಿಸ್ತಾನ?" ಎನ್ನುತ್ತಾರೆ. ಯಾರ ಜೊತೆಗೂ ಮಾತಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ. ಕಾಲ್ ಮಾಡಿಸಲೋ ಬೇಡವೋ?
— ಬೆಟಗೇರಿಯ ಓದುಗರು

ಉತ್ತರ: ತಂಗೀ, ಮಾಡಿಸಿ. ಅವರು ಕೇಳಿದ್ದು ತಪ್ಪಲ್ಲ. ನಾನೂ ಅದನ್ನೇ ಕೇಳಿದ್ದೆ.

ಆಸ್ಪತ್ರೆಯಿಂದ ಮನೆಗೆ ಬಂದು ಎರಡು ತಿಂಗಳಾಗಿತ್ತು. ಪಡಸಾಲೆಯಲ್ಲಿ ನನ್ನ ಮಂಚ. ನೋಡಲು ಬಂದವರೆಲ್ಲ ಮಂಚದ ತುದಿಗೆ ಕೂತು, "ಧೈರ್ಯ ತಗೋ, ದೇವರಿದ್ದಾನ" ಎಂದು ಹೇಳಿ, ಚಹಾ ಕುಡಿದು ಹೋಗುತ್ತಿದ್ದರು. ಧೈರ್ಯ ತಗೊಂಡು ಏನು ಮಾಡಬೇಕು ಎಂದು ಹೇಳುವವರು ಒಬ್ಬರೂ ಇರಲಿಲ್ಲ. ಒಂದು ಸಂಜೆ ಶಿಗ್ಗಾಂವಿಯಿಂದ ಫೋನ್ ಬಂತು. ಅವರು ಬಾವಿ ತೋಡುವಾಗ ಬಿದ್ದವರು. ಹನ್ನೆರಡು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದರು. ನನ್ನ ನಂಬರನ್ನು ನಮ್ಮಿಬ್ಬರ ಫಿಜಿಯೋ ಕೊಟ್ಟಿದ್ದರಂತೆ. ಊರು, ಹೆಸರು ಹೇಳಿದ ಮೇಲೆ ಅವರು ಕೇಳಿದ ಮೊದಲ ಮಾತು: "ತಮ್ಮಾ, ಇವತ್ತು ಎಷ್ಟು ಸಲ ಮಗ್ಗಲು ಬದಲಿಸಿದಿ?"

ಬೆಳಿಗ್ಗೆ ಒಂದು ಸಲ ಎಂದೆ.

"ರಾತ್ರಿ?"

ಇಲ್ಲ ಎಂದೆ.

"ಅವ್ವನ್ನ ಎಬ್ಬಿಸಾಕ ಮನಸ್ಸು ಬರಲಿಲ್ಲ, ಹೌದಿಲ್ಲೋ?"

ನನಗೆ ಗಂಟಲು ಕಟ್ಟಿತು. ಅವ್ವ ದಿನವಿಡೀ ನನ್ನ ಬಟ್ಟೆ ಒಗೆದು, ಮೈ ಒರೆಸಿ, ರೊಟ್ಟಿ ಬಡಿದು ಆಗ ತಾನೇ ಮಲಗಿರುತ್ತಿದ್ದಳು. ಅವಳನ್ನು ಎರಡು ಗಂಟೆಗೊಮ್ಮೆ ಹೇಗೆ ಎಬ್ಬಿಸಲಿ? ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವರಿಗೆ ಹೇಳುವ ಮೊದಲೇ ಗೊತ್ತಿತ್ತು. ಯಾಕೆಂದರೆ ಅವರೂ ಒಂದು ಕಾಲಕ್ಕೆ ತಮ್ಮ ಅವ್ವನನ್ನು ಎಬ್ಬಿಸದೇ ಮಲಗಿದ್ದವರು. ಆಮೇಲೆ ಉಪಾಯ ಹೇಳಿದರು. ಒಂದು ಹಳೆಯ ಸೀರೆಯನ್ನು ಮಂಚದ ಸರಳಿಗೆ ಗಟ್ಟಿಯಾಗಿ ಕಟ್ಟು. ಮಲಗುವಾಗಲೇ ಒಂದು ಮೊಳಕಾಲನ್ನು ಇನ್ನೊಂದರ ಮೇಲೆ ಹಾಕಿಸಿಕೋ. ಸೀರೆ ಹಿಡಿದು ಎಳೆದರೆ ಭುಜ ಹೊರಳುತ್ತದೆ, ಭುಜದ ಹಿಂದೆ ಸೊಂಟ ಬರುತ್ತದೆ. ಮೂರು ದಿನ ಆಗಲಿಲ್ಲ. ನಾಲ್ಕನೇ ರಾತ್ರಿ ಹೊರಳಿದೆ. ಅವ್ವನಿಗೆ ಎಚ್ಚರ ಆಗಲಿಲ್ಲ.

ಫೋನಿನಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದರಲ್ಲ, ಇದನ್ನೇ ಕಲಿಸುತ್ತಾರೆ. ಒಂದೇ ಕಡೆ ಒತ್ತಿ ಹುಣ್ಣಾಗದ ಹಾಗೆ ಮಗ್ಗಲು ಬದಲಿಸಿ ಎಂದು ಡಾಕ್ಟರ್ ಹೇಳಿಯೇ ಕಳಿಸಿರುತ್ತಾರೆ. ನಮ್ಮ ಮಂಚದ ಮೇಲೆ, ನಮ್ಮ ಮನೆಯಲ್ಲಿ, ನಮ್ಮ ಕೈಯ ಬಲದಲ್ಲಿ ಅದನ್ನು ಹೇಗೆ ಮಾಡುವುದು ಎಂಬುದನ್ನು ಮಾಡಿದವರೇ ಹೇಳಬೇಕು.

ಇದಕ್ಕೆ ಪೀರ್ ಕೋಚಿಂಗ್ ಎನ್ನುತ್ತಾರೆ. ಮೊದಲೆಲ್ಲ ಬರೀ ಮಾತಿನ ಕಾಲ್. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ವಿಡಿಯೋ ಬಂತು. ಅದರಿಂದ ಬಹಳ ಉಪಕಾರವಾಗಿದೆ. ನಾನು ಮೊದಲ ವಿಡಿಯೋ ಕಾಲ್‌ನಲ್ಲಿ ನನ್ನ ಮುಖಕ್ಕಿಂತ ಜಾಸ್ತಿ ನನ್ನ ಬಚ್ಚಲುಮನೆ ತೋರಿಸುತ್ತೇನೆ. ಬಾಗಿಲನ್ನು ಎಷ್ಟು ಅಗಲ ಮಾಡಿಸಿದೆ, ಹೊಸ್ತಿಲು ಒಡೆಸಿ ಇಳಿಜಾರು ಹೇಗೆ ಹಾಕಿಸಿದೆ, ಕಮೋಡ್ ಚೇರ್ ಎಲ್ಲಿ ನಿಲ್ಲುತ್ತದೆ, ಪೈಪು, ಸೋಪು, ಅಳತೆಯ ಮಗ್ಗು ಕೈಗೆ ಸಿಗುವ ಹಾಗೆ ಎಲ್ಲಿ ಇಟ್ಟಿದ್ದೇನೆ. ಆಗ ಆ ಕಡೆಯವರು ಮೊದಲ ಸಲ ಪ್ರಶ್ನೆ ಕೇಳುತ್ತಾರೆ. "ಆ ಹಿಡಿಕೆ ಎಷ್ಟು ಎತ್ತರಕ್ಕ ಹಾಕಿಸೀರಿ?" ಅಲ್ಲಿಂದ ಮಾತು ಶುರುವಾಗುತ್ತದೆ.

ವಾರಕ್ಕೊಂದು ಕಾಲ್, ಅರ್ಧ ಮುಕ್ಕಾಲು ಗಂಟೆ. ಪ್ರತಿ ವಾರ ಒಂದೇ ಒಂದು ಸಣ್ಣ ಕೆಲಸ ಇಟ್ಟುಕೊಳ್ಳುತ್ತೇವೆ. ಯಾವ ಕೆಲಸ ಎಂದು ನಾನು ಹೇಳುವುದಿಲ್ಲ, ಅವರೇ ಆರಿಸಬೇಕು. "ಈ ವಾರ ನೀರು ಎಷ್ಟು ಕುಡಿದೆ ಅಂತ ಬರೆದಿಡ್ತೀನಿ" ಎಂದರೆ ಅಷ್ಟೇ. ಮುಂದಿನ ವಾರ ಅದನ್ನೇ ಕೇಳುತ್ತೇನೆ. ಆಗದಿದ್ದರೆ ಬೈಯುವುದಿಲ್ಲ. ಏನು ಅಡ್ಡ ಬಂತು ಎಂದು ಇಬ್ಬರೂ ಕೂಡಿ ಹುಡುಕುತ್ತೇವೆ.

ಇದು ಬರೀ ನನ್ನ ಅನುಭವವೂ ಅಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ಬೆನ್ನುಹುರಿ ಪೆಟ್ಟಿನ 84 ಜನರನ್ನು ತೆಗೆದುಕೊಂಡು ಪರೀಕ್ಷೆ ಮಾಡಿದ್ದರು. 2017ರಲ್ಲಿ ಅದು ಪ್ರಕಟವಾಯಿತು. ಅರ್ಧ ಜನಕ್ಕೆ, ಅವರಂತೆಯೇ ಪೆಟ್ಟು ಬಿದ್ದು ತರಬೇತಿ ಪಡೆದವರು ಆರು ತಿಂಗಳು ಫೋನ್ ಮಾಡಿದರು. ಕಾಲ್ ಬಂದವರು ತಮ್ಮ ಆರೋಗ್ಯವನ್ನು ತಾವೇ ನಿಭಾಯಿಸುವುದರಲ್ಲಿ ಉಳಿದವರಿಗಿಂತ ಮುಂದೆ ಬಂದರು.

ಡಾಕ್ಟರೇ ಬೇಕು ಎಂದು ನಿಮ್ಮ ಮನೆಯವರು ಹಟ ಹಿಡಿದರೆ ವೆಲ್ಲೂರಿನ ಮೇರಿ ವರ್ಗೀಸ್ ಅವರ ಕಥೆ ಹೇಳಿ. ಸಿಎಂಸಿ ಆಸ್ಪತ್ರೆಯ ಡಾಕ್ಟರ್. 1954ರಲ್ಲಿ ವಾಹನ ಅಪಘಾತದಲ್ಲಿ ಅವರ ಬೆನ್ನುಹುರಿಗೇ ಪೆಟ್ಟು ಬಿತ್ತು. ಗಾಲಿಕುರ್ಚಿಯಲ್ಲಿ ಕೂತು ಕುಷ್ಠ ರೋಗಿಗಳ ಕೈಗೆ ಆಪರೇಷನ್ ಮಾಡಿದರು. ಆಮೇಲೆ ನ್ಯೂಯಾರ್ಕಿಗೆ ಹೋಗಿ ಓದಿಕೊಂಡು ಬಂದು, ನಮ್ಮಂಥವರಿಗಾಗಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ಕಟ್ಟಿದರು. ಅದು 1966ರಲ್ಲಿ ಶುರುವಾಯಿತು. ಅಲ್ಲಿಗೆ ಹೋದ ರೋಗಿಗೆ ಡಾಕ್ಟರೇ ಗಾಲಿಕುರ್ಚಿಯಲ್ಲಿ ಎದುರು ಬರುತ್ತಿದ್ದರು. ಅದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ.

ಇನ್ನು ಪೈಪಿನ ವಿಷಯ. ಪೈಪು ಹಗಲು ರಾತ್ರಿ ಒಳಗೇ ಇದ್ದರೆ ಸೋಂಕು ಜಾಸ್ತಿ. ಬೇಕಾದಾಗ ತಾನೇ ಪೈಪು ಹಾಕಿ, ಖಾಲಿ ಮಾಡಿ, ತೆಗೆಯುವ ವಿಧಾನ ಇದೆ. ಸಿಐಸಿ ಎನ್ನುತ್ತಾರೆ. 1972ರಲ್ಲಿ ಅಮೆರಿಕದ ಲ್ಯಾಪಿಡಿಸ್ ಎಂಬ ಡಾಕ್ಟರ್, ಇದನ್ನು ಆಪರೇಷನ್ ಥಿಯೇಟರಿನ ಮಡಿಯಲ್ಲೇ ಮಾಡಬೇಕಿಲ್ಲ, ಸೋಪಿನಿಂದ ಕೈ ತೊಳೆದು ಸ್ವಚ್ಛ ಪೈಪಿನಿಂದ ಮನೆಯಲ್ಲೇ ಮಾಡಬಹುದು ಎಂದು ತೋರಿಸಿದರು. ಹೊಟ್ಟೆಯೊಳಗಿನ ಮೂತ್ರಕೋಶ ತುಂಬಿ ಹಿಗ್ಗದ ಹಾಗೆ ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದು ಎಲ್ಲಕ್ಕಿಂತ ಮುಖ್ಯ ಎಂದರು. ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆಗೊಮ್ಮೆ. ಒಂದು ಸಲಕ್ಕೆ 500 ಮಿಲಿ ದಾಟಬಾರದು. ಅದಕ್ಕೇ ಅಳತೆಯ ಮಗ್ಗು. ನಾನು ಹದಿಮೂರು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ. ನಿಮ್ಮ ಮನೆಯವರಿಗೆ ಇದು ಹೊಂದುತ್ತದೋ ಇಲ್ಲವೋ ಎಂದು ಮೂತ್ರರೋಗದ ಡಾಕ್ಟರ್ ನೋಡಿ ಹೇಳಬೇಕು. ಮೊದಲ ಸಲ ಆಸ್ಪತ್ರೆಯಲ್ಲೇ ಕಲಿಯಬೇಕು. ಆಮೇಲೆ ಕೈ ನಡುಗುತ್ತದಲ್ಲ, ಆ ನಡುಕ ಬಿಡಿಸುವುದು ಕೋಚ್ ಕೆಲಸ.

ಒತ್ತಾಯ ಮಾಡಿ ಫೋನ್ ಕೈಗೆ ಕೊಡಬೇಡಿ. ಮೊದಲ ಸಲ ನೀವೇ ಮಾತಾಡಿ. ಸ್ಪೀಕರ್ ಹಾಕಿ, ಮಂಚದ ಹತ್ತಿರವೇ ಕೂತು. ಗೋಡೆ ಕಡೆ ಮುಖ ಮಾಡಿದವರಿಗೂ ಕಿವಿ ಕೇಳಿಸುತ್ತದೆ. ಎರಡನೇ ವಾರವೋ ಮೂರನೇ ವಾರವೋ "ಕೊಡು ಇಲ್ಲಿ" ಎನ್ನುತ್ತಾರೆ. ನನ್ನ ಅನುಭವದಲ್ಲಿ ಬಹಳ ಜನ ಹೀಗೇ ಬಂದಿದ್ದಾರೆ. ಅವರು ಮಾತಿಗೆ ಸಿಕ್ಕ ಮೇಲೆ ಇಯರ್‌ಫೋನ್ ಕೊಟ್ಟು ನೀವು ಹೊರಗೆ ಬನ್ನಿ. ಗಂಡ ಹೆಂಡತಿ ಕೂಡುವ ವಿಷಯ, ಮಕ್ಕಳಾಗುವ ವಿಷಯ ಕೇಳುವುದಕ್ಕೆ ಗಂಡಸರು ನಾಲ್ಕೈದು ವಾರ ತಗೊಳ್ಳುತ್ತಾರೆ. ಅದೂ ಬಾಗಿಲು ಮುಚ್ಚಿದ ಮೇಲೆ. ಅದಕ್ಕೂ ದಾರಿಗಳಿವೆ, ಡಾಕ್ಟರೂ ಇದ್ದಾರೆ.

ಇನ್ನೊಂದು ಮಾತು ತಂಗೀ. ಕಾಗದದಲ್ಲಿ ನಿಮ್ಮ ಬಗ್ಗೆ ಒಂದಕ್ಷರ ಬರೆದಿಲ್ಲ. ಅವರನ್ನು ಎತ್ತಿ ಕೂರಿಸಿ ನಿಮ್ಮ ಸೊಂಟ ಹೇಗಿದೆ? ನನ್ನ ಹೆಂಡತಿ ಕೂಡ ಬೇರೆ ಹೆಣ್ಣುಮಕ್ಕಳ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ. ಎತ್ತದೇ ಜಾರುಹಲಗೆಯ ಮೇಲೆ ಮಂಚದಿಂದ ಕುರ್ಚಿಗೆ ಹೇಗೆ ಸರಿಸುವುದು ಎಂದು ನನಗಿಂತ ಚೆನ್ನಾಗಿ ಹೇಳುತ್ತಾಳೆ. ನಿಮ್ಮ ಕೋಚ್‌ಗೆ ಮೊದಲ ದಿನವೇ ಕೇಳಿ, "ನನ್ನ ಜೊತೆ ಮಾತಾಡೋರು ಯಾರಿದ್ದಾರೆ?" ಎಂದು.

ಪ್ರಶ್ನೆ: ನನಗೆ 24 ವರ್ಷ. ಕುತ್ತಿಗೆಯಲ್ಲಿ ಸಿ6 ಪೆಟ್ಟು. ಆಗಾಗ ತಲೆ ಸಿಡಿಯುವಷ್ಟು ನೋವು ಬರುತ್ತದೆ. ಮುಖ ಕೆಂಪಾಗಿ ಹಣೆಯ ಮೇಲೆ ಬೆವರು ಇಳಿಯುತ್ತದೆ. ಮನೆಯವರು ಪಿತ್ತ ಎಂದು ಮಲಗಿಸುತ್ತಾರೆ. ಬಿಪಿ ನೋಡಿದರೆ 140. ಅದೇನು ಜಾಸ್ತಿ ಅಲ್ಲ ಎಂದರು. ಇದು ಏನು?
— ಹಾವೇರಿ ಜಿಲ್ಲೆಯ ಓದುಗ

ಉತ್ತರ: ತಮ್ಮಾ, ನಿನ್ನ ಕಾಗದ ಓದಿದ ಕೂಡಲೇ ನಿನಗೆ ಫೋನ್ ಮಾಡಿದ್ದೆ. ಆದರೂ ಇಲ್ಲಿ ಬರೆಯುತ್ತೇನೆ. ಕುತ್ತಿಗೆಗೆ, ಎದೆಯ ಮೇಲ್ಭಾಗಕ್ಕೆ ಪೆಟ್ಟು ಬಿದ್ದ ಪ್ರತಿಯೊಬ್ಬರ ಮನೆಯಲ್ಲೂ ಇದು ಗೊತ್ತಿರಬೇಕು.

ಡಿ6, ಅಂದರೆ ಎದೆಯ ಹಿಂದಿನ ಆರನೇ ಮೂಳೆ, ಅಥವಾ ಅದಕ್ಕಿಂತ ಮೇಲೆ ಪೆಟ್ಟು ಇದ್ದವರಿಗೆ ಹೀಗಾಗುತ್ತದೆ. ಹೆಸರು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಕೆಳಗೆ ಎಲ್ಲೋ ಏನೋ ತೊಂದರೆ ಆಗಿರುತ್ತದೆ. ಮೂತ್ರ ತುಂಬಿರಬಹುದು, ಪೈಪು ಮಡಚಿರಬಹುದು, ಮಲ ಗಟ್ಟಿಯಾಗಿರಬಹುದು, ಉಗುರು ಒಳಗೆ ಬೆಳೆದಿರಬಹುದು. ನಮಗೆ ನೋವು ಗೊತ್ತಾಗುವುದಿಲ್ಲ, ಆದರೆ ಮೈಗೆ ಗೊತ್ತಾಗುತ್ತದೆ. ಕೆಳಗಿನ ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ಸಡಿಲ ಬಿಡು ಎಂದು ಮಿದುಳು ಕಳಿಸುವ ಮಾತು ಪೆಟ್ಟು ಬಿದ್ದ ಜಾಗ ದಾಟಿ ಕೆಳಗೆ ಹೋಗುವುದಿಲ್ಲ.

ಮಲಗಬೇಡ. ಮೊದಲು ನೆಟ್ಟಗೆ ಕೂಡು, ಕಾಲು ಕೆಳಗೆ ಬಿಡು. ಕೂತರೆ ಬಿಪಿ ಸ್ವಲ್ಪ ಇಳಿಯುತ್ತದೆ. ಬೆಲ್ಟ್, ಬೂಟು, ಬಿಗಿ ಬಟ್ಟೆ, ಕಾಲಿಗೆ ಕಟ್ಟಿದ ಯೂರಿನ್ ಬ್ಯಾಗಿನ ಪಟ್ಟಿ, ಎಲ್ಲ ಸಡಿಲ ಮಾಡಿಸು. ಪೈಪು ಎಲ್ಲಾದರೂ ಮಡಚಿದೆಯಾ, ಬ್ಯಾಗು ತುಂಬಿದೆಯಾ ನೋಡಿಸು. ಪೈಪು ಇಲ್ಲದಿದ್ದರೆ ಆಗಲೇ ಮೂತ್ರ ಖಾಲಿ ಮಾಡಿಸು. ಬಹಳ ಸಲ ಇಷ್ಟಕ್ಕೇ ಇಳಿಯುತ್ತದೆ. ಇಳಿಯದಿದ್ದರೆ ಕಾಯಬೇಡ, 108ಕ್ಕೆ ಫೋನ್ ಮಾಡಿಸು. ಬಿಪಿ ಹಾಗೇ ಏರುತ್ತಾ ಹೋದರೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು, ಫಿಟ್ಸ್ ಬರಬಹುದು.

140 ಜಾಸ್ತಿ ಅಲ್ಲ ಎಂದರಲ್ಲ, ಅದು ಬೇರೆಯವರಿಗೆ. ನಮ್ಮಲ್ಲಿ ಕುತ್ತಿಗೆ ಪೆಟ್ಟಿನವರ ದಿನನಿತ್ಯದ ಮೇಲಿನ ಬಿಪಿಯೇ 90, 100ರ ಹತ್ತಿರ ಇರುತ್ತದೆ. ಅದಕ್ಕಿಂತ 20 ರಿಂದ 40 ಏರಿದರೂ ಅಪಾಯದ ಗಂಟೆ ಎಂದು ತಿಳಿ. ನಿನ್ನ ಮಾಮೂಲಿ ಬಿಪಿ ಎಷ್ಟು ಎಂದು ಒಂದು ವಾರ ನೋಡಿ ಬರೆದಿಟ್ಟುಕೋ. ಒಂದು ಕಾರ್ಡ್ ಮೇಲೆ ಆ ಅಂಕಿ, ನಿನ್ನ ಪೆಟ್ಟಿನ ಮಟ್ಟ, ಈ ತೊಂದರೆಯ ಹೆಸರು ಬರೆಸಿ ಲ್ಯಾಮಿನೇಷನ್ ಮಾಡಿಸಿ ಜೇಬಿನಲ್ಲಿಟ್ಟುಕೋ. ರಾತ್ರಿ ಡ್ಯೂಟಿಯ ಡಾಕ್ಟರ್ ಹೊಸಬರಿದ್ದರೆ ಅದನ್ನು ತೋರಿಸಿದರೆ ಸಾಕು. ನನ್ನ ಅಂಗಡಿಯಲ್ಲಿ ಇಂಥ ಕಾರ್ಡುಗಳನ್ನು ದುಡ್ಡು ತಗೊಳ್ಳದೇ ಮಾಡಿಕೊಡುತ್ತೇನೆ. ಮನೆಯಲ್ಲೊಂದು ಬಿಪಿ ಮಿಷನ್ ಇಡಿಸು. ಪಿತ್ತ ಎನ್ನುವ ಮಾತು ಇವತ್ತಿಗೇ ಬಿಡಿಸು.

ಪ್ರಶ್ನೆ: ನನ್ನ ಮಗ ಗಾಲಿಕುರ್ಚಿಯಲ್ಲಿ ಕೂತು ಮೊಬೈಲ್ ರಿಪೇರಿ ಮಾಡುತ್ತಾನೆ. ಕುಂಡಿಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಪ್ಪು ಕಲೆ ಆಗಿದೆ. ನೋವಿಲ್ಲ ಎನ್ನುತ್ತಾನೆ. ಅರಿಶಿನ ಹಚ್ಚಿ, ಕೂರಲು ಸ್ಕೂಟರ್ ಟ್ಯೂಬ್ ಕೊಟ್ಟಿದ್ದೇನೆ. ಸರಿಯೇ?
— ಹಳೇ ಹುಬ್ಬಳ್ಳಿಯ ತಾಯಿ

ಉತ್ತರ: ಅವ್ವಾ, ಮೊದಲು ಆ ಟ್ಯೂಬ್ ತೆಗೆಯಿರಿ. ನಡುವೆ ತೂತಿರುವ ಟ್ಯೂಬಿನ ಅಂಚು ಸುತ್ತಲೂ ಒತ್ತಿ ನಡುವಿನ ಜಾಗಕ್ಕೆ ರಕ್ತ ಬರದ ಹಾಗೆ ಮಾಡುತ್ತದೆ. ಕಲೆ ಮಾಯುವ ಬದಲು ಜಾಸ್ತಿ ಆಗುತ್ತದೆ. ಅರಿಶಿನ ಹಚ್ಚಿದರೆ ಚರ್ಮದ ಬಣ್ಣ ಮುಚ್ಚಿಹೋಗುತ್ತದೆ. ಕಲೆ ಬೆಳೆಯುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ.

ನೋವಿಲ್ಲ ಎಂದನಲ್ಲ, ನನಗೆ ಭಯ ಆಗುವುದು ಅದಕ್ಕೇ.

ಒಂದು ಪೆನ್ನಿನ ಟೋಪಿಯ ಕಥೆ ಹೇಳುತ್ತೇನೆ. 2014ರಲ್ಲಿ ಅಂಗಡಿ ಹಾಕಿದ ಹೊಸತು. ಅರ್ಜಿ ತುಂಬುವ ಸೀಜನ್, ಬೆಳಿಗ್ಗೆಯಿಂದ ಜನ. ಒಂದು ನೀಲಿ ಪೆನ್ನಿನ ಟೋಪಿ ಮೇಜಿನಿಂದ ಉರುಳಿ ನನ್ನ ಕುಶನ್ ಮೇಲೆ ಬಿದ್ದಿದೆ. ನಾನು ಅದರ ಮೇಲೇ ಕೂತಿದ್ದೇನೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ. ನಿಮಗೋ ನನ್ನ ಹೆಂಡತಿಗೋ ಹಾಗಾದರೆ ಅರ್ಧ ನಿಮಿಷಕ್ಕೆ ಎದ್ದುಬಿಡುತ್ತೀರಿ. ನನಗೆ ಗೊತ್ತಾಗಲಿಲ್ಲ. ರಾತ್ರಿ ಹೆಂಡತಿ ನೋಡಿದಾಗ ಟೋಪಿಯ ಕ್ಲಿಪ್ಪಿನ ಅಚ್ಚು ಚರ್ಮದ ಮೇಲೆ ಹಾಗೇ ಮೂಡಿತ್ತು. ಉದ್ದ ಗೆರೆ, ತುದಿಗೆ ಒಂದು ಚುಕ್ಕೆ. ನಾನು ಬಿಡು ಎಂದೆ. ಮರುದಿನವೂ ಅಂಗಡಿಗೆ ಹೋದೆ. ಐದನೇ ದಿನ ಅದು ಒಡೆಯಿತು. ಮೇಲೆ ಕಾಣುವುದು ಸಣ್ಣ ತೂತು, ಒಳಗೆ ಬೆರಳು ಹೋಗುವಷ್ಟು ಪೊಳ್ಳು. ನಾಲ್ಕು ತಿಂಗಳು ಬೋರಲು ಮಲಗಿದೆ. ಅಂಗಡಿ ಮುಚ್ಚಿತು. ಆ ವರ್ಷದ ಬಾಡಿಗೆಯನ್ನು ಹೆಂಡತಿಯ ಬೋರಮಾಳ ಒತ್ತೆಯಿಟ್ಟು ಕಟ್ಟಿದೆವು.

ಇವತ್ತು ಮಗನನ್ನು ಮಗ್ಗಲಾಗಿ ಮಲಗಿಸಿ. ಕಲೆಯ ಮೇಲೆ ಬೆರಳು ಒತ್ತಿ ಬಿಡಿ. ಒತ್ತಿದ ಜಾಗ ತಿಳಿಯಾಗಿ ಮತ್ತೆ ಬಣ್ಣ ಬಂದರೆ ರಕ್ತ ಓಡಾಡುತ್ತಿದೆ ಎಂದರ್ಥ. ಬಣ್ಣ ಬದಲಾಗದೇ ಹಾಗೇ ಇದ್ದರೆ ಒಳಗೆ ಕೆಡುವುದಕ್ಕೆ ಶುರುವಾಗಿದೆ. ನಮ್ಮ ಕಪ್ಪು ಚರ್ಮದಲ್ಲಿ ಇದು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮೆತ್ತಗೆ ಇದೆಯಾ? ಇದ್ದರೆ ಆ ಕಲೆ ಹೋಗುವವರೆಗೆ ಅದರ ಮೇಲೆ ಅವನು ಕೂರಲೇಬಾರದು. ಡಾಕ್ಟರಿಗೆ ತೋರಿಸಿ. ಚರ್ಮ ಒಡೆದರೆ, ವಾಸನೆ ಬಂದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ವಾಸಿಯಾದ ಮೇಲೆ ಅವನು ಕಲಿಯಬೇಕಾದ್ದು ಮುಂದಕ್ಕೆ ಬಾಗುವುದನ್ನು. ಕೈಯೂರಿ ಎರಡು ಕ್ಷಣ ಕುಂಡಿ ಎತ್ತಿದರೆ ಸಾಲದು, ಭುಜವೂ ಸವೆಯುತ್ತದೆ. ಮೊಣಕೈಯನ್ನು ತೊಡೆಯ ಮೇಲೆ ಇಟ್ಟು ಎದೆ ಮುಂದಕ್ಕೆ ಬಾಗಿಸಿ ಒಂದೆರಡು ನಿಮಿಷ ಹಾಗೇ ಇರಬೇಕು. ಆಗ ಹಿಂದೆ ಭಾರ ಬಿಟ್ಟು ರಕ್ತ ಹರಿಯುತ್ತದೆ. ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ. ನನ್ನ ಫೋನಿನಲ್ಲಿ ಇಪ್ಪತ್ತು ನಿಮಿಷದ ಅಲಾರಂ ಇದೆ. ಗಿರಾಕಿಗಳಿಗೂ ರೂಢಿಯಾಗಿದೆ. ಅಲಾರಂ ಕೂಗಿದರೆ "ಬಾಗ್ರಿ ಮೊದಲು, ಆಮೇಲೆ ಕೊಡ್ರಿ" ಎನ್ನುತ್ತಾರೆ.

ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗಲು. ಈ ಎರಡು ಗಂಟೆಯ ಲೆಕ್ಕವನ್ನು ರೂಢಿಗೆ ತಂದವರು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಡಾ. ಲುಡ್ವಿಗ್ ಗುಟ್ಮನ್. 1944ರಲ್ಲಿ ಯುದ್ಧದಲ್ಲಿ ಗಾಯಗೊಂಡವರಿಗಾಗಿ ಅಲ್ಲಿ ಬೆನ್ನುಹುರಿ ವಾರ್ಡ್ ತೆರೆದಾಗ, ಇಂಥ ಪೆಟ್ಟಿನವರು ಬದುಕುವುದಿಲ್ಲ ಎಂದೇ ಜನ ನಂಬಿದ್ದರು. ಅವರನ್ನು ಕೊಲ್ಲುತ್ತಿದ್ದದ್ದು ಬೆಡ್‌ಸೋರ್, ಅಂದರೆ ಒಂದೇ ಕಡೆ ಒತ್ತಿ ಆಗುವ ಹುಣ್ಣು, ಮತ್ತು ಮೂತ್ರದ ಸೋಂಕು. ಹಗಲು ರಾತ್ರಿ ಮಗ್ಗಲು ಬದಲಿಸಿ, ಮೂತ್ರ ನೋಡಿಕೊಂಡು, ಬದುಕಿಸಿ ತೋರಿಸಿದರು. 1948ರಲ್ಲಿ ಅದೇ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯವರ ಆಟೋಟ ಏರ್ಪಡಿಸಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅದರಿಂದ.

ರಾತ್ರಿ ಮಲಗುವ ಮುಂಚೆ ಮಗನೇ ತನ್ನ ಚರ್ಮ ನೋಡಿಕೊಳ್ಳಲಿ. ನಾನು ಮೊದಲು ಅಡಿಕೋಲಿಗೆ ಗಡ್ಡ ಮಾಡುವ ಕನ್ನಡಿ ಕಟ್ಟಿಕೊಂಡಿದ್ದೆ. ಈಗ ಫೋನಿನಲ್ಲೇ ಫೋಟೋ ತೆಗೆದು ನಿನ್ನೆಯದರ ಜೊತೆ ಹೋಲಿಸುತ್ತೇನೆ. ಆ ಫೋಟೋ ಡಾಕ್ಟರಿಗೆ ಬಿಟ್ಟು ಯಾರಿಗೂ ಹೋಗಬಾರದು. ನನಗೂ ಕಳಿಸಬೇಡಿ, ಯಾವ ಗುಂಪಿಗೂ ಹಾಕಬೇಡಿ. ಊಟದಲ್ಲಿ ಮೊಟ್ಟೆ, ಬೇಳೆ, ಮಡಿಕೆಕಾಳು, ಶೇಂಗಾ ಜಾಸ್ತಿ ಇರಲಿ. ಗಾಯ ತುಂಬುವುದಕ್ಕೆ ಪ್ರೋಟೀನ್ ಬೇಕು.

ಪ್ರಶ್ನೆ: ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಮಗಳು ನಡೆಯುತ್ತಾಳೆ ಎಂದು ಒಬ್ಬರು ಲಕ್ಷಗಟ್ಟಲೆ ಕೇಳುತ್ತಿದ್ದಾರೆ. ಎರಡು ಎಕರೆ ಹೊಲ ಇದೆ. ಮಾರಲೇ?
— ರಾಣೆಬೆನ್ನೂರಿನ ತಂದೆ

ಉತ್ತರ: ಮಾರಬೇಡಿ ಅಣ್ಣಾರ. ಬೆನ್ನುಹುರಿ ಪೆಟ್ಟಿಗೆ ಸ್ಟೆಮ್ ಸೆಲ್ ಇನ್ನೂ ಪರೀಕ್ಷೆಯ ಹಂತದಲ್ಲಿದೆ. ದುಡ್ಡು ತಗೊಂಡು ಚಿಕಿತ್ಸೆ ಎಂದು ಕೊಡುವ ಹಾಗಿಲ್ಲ ಎಂದು ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳುತ್ತದೆ. ನಿಜವಾದ ಪ್ರಯೋಗಕ್ಕೆ ಸೇರಿಸಿಕೊಂಡರೆ ರೋಗಿಯಿಂದ ದುಡ್ಡು ಕೇಳುವುದಿಲ್ಲ. ನಿಮ್ಮ ಸಂಕಟ ನನಗೆ ಗೊತ್ತು. ನಮ್ಮ ಅಪ್ಪ ನನ್ನ ಸಲುವಾಗಿ ಒಂದು ಜೋಡಿ ಎತ್ತು ಮಾರಿ, ಯಾರೋ ಹೇಳಿದ ಎಣ್ಣೆ ತಂದಿದ್ದರು. ಆ ದುಡ್ಡು ಇದ್ದಿದ್ದರೆ ಒಳ್ಳೆ ಕುಶನ್ ಬರುತ್ತಿತ್ತು. ಮಗಳ ಅಳತೆಗೆ ಸರಿಯಾದ ಗಾಲಿಕುರ್ಚಿ, ಕುಶನ್, ಬಚ್ಚಲಿಗೆ ಇಳಿಜಾರು, ಇಷ್ಟಕ್ಕೆ ಹೊಲ ಮಾರುವ ಅಗತ್ಯ ಬರುವುದಿಲ್ಲ. ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಮಾಡಿಸಿದ್ದೀರಾ? ಇಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿ. ಸರ್ಕಾರದ ಸಲಕರಣೆ ಕೇಳಲು ಅದು ಬೇಕಾಗುತ್ತದೆ. ಮತ್ತು ಮಗಳನ್ನು ಒಬ್ಬ ಹೆಣ್ಣುಮಗಳ ಜೊತೆಯೇ ಮಾತಾಡಿಸಿ. ಮುಟ್ಟಿನ ದಿನದ ತೊಂದರೆ, ಪೈಪು ಹಾಕಿಕೊಳ್ಳುವ ಬಗೆ, ಇದನ್ನೆಲ್ಲ ಅವಳು ನನ್ನ ಹತ್ತಿರ ಕೇಳಲಾರಳು.

ಪ್ರಶ್ನೆ: ಗಾಲಿಕುರ್ಚಿಯಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಬರಬಹುದೇ?
— ಉಣಕಲ್ಲಿನ ಓದುಗ

ಉತ್ತರ: ಚಿಗರಿ ಬಸ್ಸಿನಲ್ಲಿ ಬನ್ನಿ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಎತ್ತರ. ಬೆಳಿಗ್ಗೆ ಕಾಲೇಜಿನ ಹೊತ್ತು ಬಿಟ್ಟು ಹೊರಡಿ. ಬೇಸಿಗೆಯಾದರೆ ಒದ್ದೆ ಟವೆಲ್ ಜೊತೆಗಿರಲಿ. ಪೆಟ್ಟಿನ ಕೆಳಗೆ ನಮಗೆ ಬೆವರುವುದಿಲ್ಲ, ಮೈ ಬೇಗ ಕಾಯುತ್ತದೆ. ಕುತ್ತಿಗೆ, ಮುಖ ಒರೆಸಿಕೊಳ್ಳುತ್ತಿರಿ. ಬಿಸಿ ಚಹಾದ ಕಪ್ಪು ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಒಂಬತ್ತು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದೇನೆ. ಟೇಲರ್ ಕೆಲಸ ಮಾಡುತ್ತೇನೆ. ನಿಮ್ಮ ಹಾಗೆ ಬೇರೆಯವರಿಗೆ ಫೋನಿನಲ್ಲಿ ಹೇಳಿಕೊಡುವ ಆಸೆ. ಓದಿದ್ದು ಏಳನೇ ಕ್ಲಾಸು. ಆಗುತ್ತದೆಯೇ?
— ಲಕ್ಷ್ಮೇಶ್ವರದ ಓದುಗರು

ಉತ್ತರ: ಆಗುತ್ತದೆ ಅಣ್ಣಾ. ಒಂಬತ್ತು ವರ್ಷ ಚರ್ಮ, ಮೂತ್ರ, ಮಲ ನಿಭಾಯಿಸಿ, ಹೊಲಿಗೆ ಹಾಕಿ ಮನೆ ನಡೆಸಿದ್ದೀರಿ. ಅದಕ್ಕಿಂತ ದೊಡ್ಡ ಓದು ಬೇಕಿಲ್ಲ. ಆದರೆ ಕಲಿಯುವುದು ಇದೆ.

ಎಲ್ಲಕ್ಕಿಂತ ಕಷ್ಟ ಬಾಯಿ ಮುಚ್ಚಿ ಕೇಳುವುದು. ಮೊದಲ ವರ್ಷ ನಾನೇ ಜಾಸ್ತಿ ಮಾತಾಡುತ್ತಿದ್ದೆ. ಯಾರಾದರೂ ಮಲಬದ್ಧತೆ ಎಂದ ಕೂಡಲೇ, "ಬೆಳಿಗ್ಗೆ ಚಹಾ, ತಿಂಡಿ ಆದ ಅರ್ಧ ಗಂಟೆಗೆ ಕೂಡ್ರಿ, ದಿನಾ ಅದೇ ಹೊತ್ತಿಗೆ, ಜೋಳದ ರ‍ೊಟ್ಟಿ ಪುಂಡಿಪಲ್ಯ ತಿನ್ರಿ" ಎಂದು ಶುರು ಮಾಡುತ್ತಿದ್ದೆ. ಮಾತು ಸರಿಯೇ ಇತ್ತು. ತಿಂಡಿ ತಿಂದ ಮೇಲೆ ಕರುಳು ಎಚ್ಚರಾಗುತ್ತದೆ, ರೂಢಿ ಹಿಡಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಕಲಘಟಗಿ ಕಡೆಯ ಒಬ್ಬ ಹುಡುಗ ಮೂರು ವಾರ ಹೂಂ ಹೂಂ ಎಂದು, ನಾಲ್ಕನೇ ವಾರ ಹೇಳಿದ: "ಅಣ್ಣಾ, ನಮ್ಮನ್ಯಾಗ ಬೆಳಿಗ್ಗೆ ಎಲ್ಲಾರೂ ಹೊಲಕ್ಕ ಹೋಗ್ತಾರ. ನನ್ನ ಎತ್ತಿ ಕೂಡಿಸೋರು ಸಂಜಿಗೇ ಬರ್ತಾರ." ಮೊದಲ ವಾರವೇ "ನಿಮ್ಮ ಮನೆಯಲ್ಲಿ ಯಾವಾಗ ಯಾರಿರುತ್ತಾರೆ?" ಎಂದು ಕೇಳಿದ್ದರೆ ಅವನು ಮೂರು ವಾರ ನರಳುತ್ತಿರಲಿಲ್ಲ. ಸಂಜೆ ಊಟದ ನಂತರಕ್ಕೆ ಹೊತ್ತು ಬದಲಿಸಿಕೊಂಡೆವು. ಅದೂ ನಡೆಯುತ್ತದೆ. ದಿನಾ ಒಂದೇ ಹೊತ್ತಿಗೆ ಆದರೆ ಸಾಕು.

ನಿಮ್ಮ ಪೆಟ್ಟು ಬೇರೆ, ಅವರ ಪೆಟ್ಟು ಬೇರೆ. ನಿಮಗೆ ಆದದ್ದು ಅವರಿಗೂ ಆಗುತ್ತದೆ ಎಂದು ಹೇಳಬೇಡಿ. ಔಷಧಿ, ಡೋಸು, ರಿಪೋರ್ಟು ನಮ್ಮ ಕೆಲಸ ಅಲ್ಲ. ಜ್ವರ, ಚಳಿ, ಮೂತ್ರದಲ್ಲಿ ರಕ್ತ, ಹೊಸ ಊತ, ತಲೆನೋವಿನ ಜೊತೆ ಬೆವರು ಎಂದರೆ ಕಾಲ್ ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸಿ. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಲು ಬಿಡಬೇಡಿ. "ಸಾಯಬೇಕು ಅನ್ನಿಸ್ತದ" ಎಂದು ಯಾರಾದರೂ ಹೇಳಿದರೆ ಒಬ್ಬರನ್ನೇ ಬಿಟ್ಟು ಫೋನ್ ಇಡಬೇಡಿ. ಮನೆಯವರನ್ನು ಕರೆಸಿ. 14416ಕ್ಕೆ ಫೋನ್ ಮಾಡಿಸಿ, ಅದು ಮನಸ್ಸಿನ ಆರೋಗ್ಯಕ್ಕೆಂದು ಇರುವ ಸರ್ಕಾರದ ಸಹಾಯವಾಣಿ ಟೆಲಿಮಾನಸ್, ಕನ್ನಡದಲ್ಲಿ ಮಾತಾಡುತ್ತಾರೆ. ಉಳಿದಂತೆ, ಕಾಲ್‌ನಲ್ಲಿ ಆ ಕಡೆಯವರು ನಿಮಗೆ ಹೇಳಿದ ಮಾತು ಇನ್ನೊಬ್ಬರ ಕಿವಿಗೆ ಹೋಗಬಾರದು, ನಿಮ್ಮ ಹೆಂಡತಿಯ ಕಿವಿಗೂ.

ಬರುವ ಶುಕ್ರವಾರ ಸಂಜೆ ಏಳೂವರೆಗೆ ಮುಂಡರಗಿ ಕಡೆಯ ಒಬ್ಬರ ಜೊತೆ ನನ್ನ ನಾಲ್ಕನೇ ಕಾಲ್ ಇದೆ. ಅವರೂ ಟೇಲರ್. ಕಾಲಿನಿಂದ ತುಳಿಯುವ ಮಷಿನ್ ಇನ್ನು ಆಗುವುದಿಲ್ಲ ಎಂದು ಮಾರುವುದಕ್ಕೆ ಕೂತಿದ್ದಾರೆ. ನೀವು ಸೇರಬಹುದೇ ಎಂದು ಅವರನ್ನು ಕೇಳಿದೆ, ಒಪ್ಪಿದ್ದಾರೆ. ನಿಮ್ಮ ಮಷಿನ್ ಹತ್ತಿರವೇ ಕೂತು ಕಾಲ್ ತಗೊಳ್ಳಿ. ಮೋಟಾರಿನ ಪೆಡಲನ್ನು ಕೈಗೆ ಹೇಗೆ ಜೋಡಿಸಿಕೊಂಡಿದ್ದೀರಿ ಎಂದು ಅವರು ಮೊದಲು ಅದನ್ನೇ ಕೇಳುತ್ತಾರೆ. ಬೆಳಕು ಎದುರಿನಿಂದ ಬರಲಿ, ಫೋನ್ ಚಾರ್ಜ್ ಇರಲಿ.